ಒಂದೇ ಗೆರೆ

ಬೆಳಗಿನ ಎಂಟಕ್ಕೇ ಹಿಪ್ಪುನೇರಳೆ ಮರದ ಕೆಳಗೆ
ಮೇಜು ಹಾಕಿ ಕೂತೆವು, ನಾನೂ ಇನ್ಸಾಫೂ.
ಹತ್ತಿ, ಸ್ಪಿರಿಟ್ಟು, ಒಬ್ಬರಿಗೆ ಒಂದೇ ಎಂಬ ಮುಳ್ಳುಸೂಜಿ,
ಹೆಬ್ಬೆರಳಗಲದ ಬಿಳಿ ಪಟ್ಟಿ ಇನ್ನೂರು.
ಕಾಲುವೆಯ ನೀರು ನೈಲನ್ನು ಮರೆತು ಮಲಗಿತ್ತು.
ಬಾತುಗಳಿಗೆ ಮಾತ್ರ ಅವಸರ.

ಒಂದು ಹನಿ ರಕ್ತ, ಎರಡು ಹನಿ ದ್ರವ, ಕಾಲು ಗಂಟೆ.
ಒಂದು ಗೆರೆ ಮೂಡಿದರೆ, ಇಲ್ಲ.
ಎರಡು ಮೂಡಿದರೆ
ಎಂದೋ ಒಂದು ದಿನ ಒಳಗೆ ಬಂದದ್ದು ಹೌದು;
ಈಗಲೂ ಇದೆಯೋ, ಎದ್ದು ಹೋಯಿತೋ,
ಹೇಳಬೇಕಾದ್ದು ತಾಂತಾ ಊರಿನ ದೊಡ್ಡ ಯಂತ್ರ.

ಕಣ್ಣು ಹಳದಿಯಾಗಲೇ ಇಲ್ಲವಲ್ಲ, ಅಂದಳು ಸಮೀಹಾ,
ರೊಟ್ಟಿಯೊಲೆಯ ಬೂದಿ ಇನ್ನೂ ತೋಳಿಗಂಟಿದವಳು.
ಆಗಲೇಬೇಕೆಂದಿಲ್ಲಮ್ಮ. ಇದು ಬಾಗಿಲು ಬಡಿದು ಬರುವ ನೆಂಟನಲ್ಲ.
ಮೂವತ್ತು ನಲವತ್ತು ವರ್ಷ ಈಲಿಯ ಗೋಡೆಗೊರಗಿ
ಬಾಡಿಗೆ ಕೊಡದೆ ಸುಮ್ಮನೆ ಕೂತಿರುತ್ತದೆ,
ಮೆತ್ತನೆಯ ಗೋಡೆ ಹೆಂಟೆಗಟ್ಟುವವರೆಗೆ.

ಎರಡು. ಎರಡು. ಒಂದು. ಎರಡು.
ಐವತ್ತೈದು ದಾಟಿದವರಿಗೆ ಹೆಚ್ಚುಕಡಿಮೆ ಎರಡೇ.
ಸರದಿ ಬಂದದ್ದೇ ಎಡತೋಳಿನ ಅಂಗಿಯನ್ನು
ಕೇಳದೆಯೇ ಮೊಣಕೈ ಮೇಲಕ್ಕೆ ಮಡಚುತ್ತಿದ್ದರು.
ಬೆರಳು ಸಾಕು, ಅಂದೆ.
ಅವರಿಗೆ ಅಭ್ಯಾಸ, ಎಂದರು ಹಿಂದಿನಿಂದ
ನನ್ನ ಸೋದರಮಾವ ಫಾನೂಸ್.

ಫಾನೂಸ್ ಅಂದರೆ ಲಾಂದ್ರ. ಹದಿನಾರಕ್ಕೇ
ಹೆಸರಿಗೊಪ್ಪುವ ಕೆಲಸ ಸಿಕ್ಕಿತ್ತು:
ಶನಿವಾರ ಬರುವ ಸರ್ಕಾರಿ ವ್ಯಾನಿನಲ್ಲಿ
ಸ್ಪಿರಿಟ್ ದೀಪ ಹಚ್ಚುವುದು. ತವರದ ಬೋಗುಣಿ ಒಂದು,
ಗಾಜಿನ ಸಿರಿಂಜು ಆರು,
ಕಾಲುವೆಯಲ್ಲಿ ಈಜಿ, ಪಾತ್ರೆ ಬೆಳಗಿ
ಉಚ್ಚೆ ಕೆಂಪಾದ ಮಕ್ಕಳು ನೂರಹತ್ತು.
ಹುಳು ಸಾಯಲೆಂದು ವಾರಕ್ಕೊಂದು ಚುಚ್ಚು, ಹನ್ನೆರಡು ವಾರ.
ಹುಳು ಸತ್ತಿತು, ಸುಳ್ಳಲ್ಲ. ಉಚ್ಚೆ ತಿಳಿಯಾಯಿತು.
ತಾಯಂದಿರು ಮಡಿಲಲ್ಲಿ ಮೊಟ್ಟೆ ತಂದುಕೊಟ್ಟರು.
ನೀರು ಕುದಿಬರುವ ಮೊದಲೇ
ಡಾಕ್ಟರು ಕೈ ಚಾಚುತ್ತಿದ್ದರು, ಅನ್ನುತ್ತಾರೆ ಮಾವ.
ಯಾವಾಗ ಕೇಳಿದರೂ ಅಷ್ಟೇ ಅನ್ನುತ್ತಾರೆ,
ಆಮೇಲೆ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೇಳುತ್ತಾರೆ.

ಇವತ್ತು ಎಲ್ಲರಾದ ಮೇಲೆ ಬಂದು ಕೂತರು.
ಬೆರಳು ನಡುಗಲಿಲ್ಲ. ಪಟ್ಟಿಯ ಪುಟ್ಟ ಗುಳಿಗೆ ಹನಿ ಇಳಿದು
ಕೆಂಪು ನೆರಳು ಮೆಲ್ಲನೆ ಹರಿದು
ಹೋಯಿತು; ಬಿಳಿ ಬಯಲು ಉಳಿಯಿತು.
ಒಂದು ಗೆರೆ.
ಇನ್ನೂ ಸ್ವಲ್ಪ ಹೊತ್ತು ಬಿಡು, ಅಂದರು. ಬಿಟ್ಟೆ.
ಬೇರೆ ಪಟ್ಟಿ ತೆಗಿ. ತೆಗೆದೆ.
ಒಂದೇ.
ಇನ್ಸಾಫ್ ದೇವರನ್ನು ನೆನೆದಳು, ನಾನು ಅವರ ಭುಜ ಮುಟ್ಟಿದೆ.
ಅವರು ಮರದಡಿ ಕೂತವರನ್ನು ಒಬ್ಬೊಬ್ಬರಾಗಿ ನೋಡಿ
ಕದ್ದು ಸಿಕ್ಕಿಬಿದ್ದವರ ದನಿಯಲ್ಲಿ ಹೇಳಿದರು:
ನನಗೆ ಈಜು ಬರುತ್ತಿರಲಿಲ್ಲ.

ಯಂತ್ರವೂ ಹೌದೆಂದದ್ದು ನಲವತ್ತಮೂರು ಹೆಸರಿಗೆ.
ದಿನಕ್ಕೊಂದು ಗುಳಿಗೆ, ಮತ್ತೆ ಹನ್ನೆರಡು ವಾರ.
ಯಾರೂ ಹೇಳದೆಯೇ ಮಾವ ಹಾಜರಿ ಪುಸ್ತಕ ಕೊಂಡರು.
ಬಾಗಿಲಲ್ಲಿ ನಿಂತು, ನುಂಗಿದ್ದು ಕಣ್ಣಾರೆ ಕಂಡು
ಗುರುತು ಹಾಕಿದ ಮೇಲೇ ಮುಂದಿನ ಮನೆ.
ಪೊಲೀಸಿನವನಿಗಿಂತ ಕಡೆ, ಎಂದು ಬೈದರು ಕೆಲವರು.

ಗುಳಿಗೆ ಮುಗಿದು, ಮತ್ತೂ ಹನ್ನೆರಡು ವಾರ ಕಾದು
ತಾಂತಾದ ಕಾಗದ ಬಂತು: ಸಮೀಹಾಳ ರಕ್ತದಲ್ಲಿ ಏನೂ ಇಲ್ಲ.
ಅವಳಿಗೆ ಕಾಗದ ಬೇಡ. ಆ ಪಟ್ಟಿಯಲ್ಲೇ
ಒಂಟಿ ಗೆರೆ ನೋಡಬೇಕು. ಬೇಡವೆಂದರೂ ಬೆರಳು ಚಾಚಿದಳು.
ಎರಡು.
ಹೆದರಬೇಡ, ಕಾಯಿಲೆ ಹೋಗಿದೆ. ಬಂದಿತ್ತೆಂಬುದು
ಮೈಗೆ ನೆನಪಿರುತ್ತದೆ, ಅಷ್ಟೇ.
ಎಷ್ಟು ದಿನ?
ಈ ಪ್ರಶ್ನೆ ಕೇಳಿದ್ದು ಸಮೀಹಾ ಅಲ್ಲ.

ನಾನು ಉತ್ತರಿಸಲಿಲ್ಲ. ಮಾವ ಪುಸ್ತಕ ಮಗುಚಿದರು.
ಝಖಾರಿಯ ಕರ್ಲುಸನ ಈಲಿ ಕಲ್ಲಾಗಿದೆ,
ವೈರಸ್ಸು ಹೋದರೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್.
ಮಂಗಳವಾರ, ಏಳರ ಬಸ್ಸು.
ಮರೆತಾನು, ಅಂದರು. ನಾನೇ ಹೋಗಿ ಎಬ್ಬಿಸುತ್ತೇನೆ.